ಸಿನಿಮಾ ಡಿಸ್ಕಿನಲ್ಲಿರಲಿ, ವಿಎಂ ಒಳಗೆ ಬೇಡ: ಮನೆಯ ಮೀಡಿಯಾ ಸರ್ವರ್ ಕುರಿತ ಪ್ರಶ್ನೋತ್ತರ

ಹಳೇ ಮದುವೆ ಕ್ಯಾಸೆಟ್, ಹುತ್ತರಿ ಕೋಲಾಟದ ವಿಡಿಯೊ, ದುಡ್ಡು ಕೊಟ್ಟು ಕೊಂಡ ಡಿವಿಡಿ ಎಲ್ಲವನ್ನೂ ಒಂದು ಸಣ್ಣ ಕಂಪ್ಯೂಟರಿಗೆ ತುಂಬಿ, ಮನೆಯ ಟಿವಿಯಲ್ಲೂ ಫೋನಿನಲ್ಲೂ ನೋಡುವ ಏರ್ಪಾಡಿಗೆ ಮೀಡಿಯಾ ಸರ್ವರ್ ಎನ್ನುತ್ತೇವೆ. ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವರು ಇದನ್ನು ವರ್ಚುವಲ್ ಮಷೀನಿನ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್), ಅಂದರೆ ವಿಎಂನ ಒಳಗೆ ಓಡಿಸುತ್ತಿದ್ದಾರೆ, ಇಲ್ಲವೇ ಓಡಿಸಲು ಹೊರಟಿದ್ದಾರೆ. ಬೇರೆ ಹೇಳದಿದ್ದರೆ ಉತ್ತರಗಳಲ್ಲಿ ಸರ್ವರ್ ಎಂದರೆ ಜೆಲ್ಲಿಫಿನ್, ವಿಎಂ ಓಡಿಸುವ ವ್ಯವಸ್ಥೆ ಎಂದರೆ ಪ್ರಾಕ್ಸ್‌ಮಾಕ್ಸ್ 8 ಅಥವಾ ಅದರ ನಂತರದ್ದು ಎಂದು ತಿಳಿಯಿರಿ.

ಪ್ರಶ್ನೆ: ವಿಂಡೋಸ್ ಕಂಪ್ಯೂಟರಿನಲ್ಲಿ (ಐ5-8500, 16 ಜಿಬಿ) ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಉಬುಂಟು, ಅದರೊಳಗೆ ಜೆಲ್ಲಿಫಿನ್ ಹಾಕಿದ್ದೇನೆ. ಟಿವಿಗೆ ಸರ್ವರ್ ಕಾಣುವುದೇ ಇಲ್ಲ. ಅದೇ ಕಂಪ್ಯೂಟರಿನಲ್ಲಿ ನೋಡಿದರೆ 4ಕೆ ವಿಡಿಯೊ ತಡವರಿಸುತ್ತದೆ, ಸಿಪಿಯು 100ಕ್ಕೆ ಏರುತ್ತದೆ. – ಸುಂಟಿಕೊಪ್ಪದ ಓದುಗರು

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು.

ಮೊದಲನೆಯದು ಸುಲಭ. ವರ್ಚುವಲ್‌ಬಾಕ್ಸ್ ತಾನಾಗಿ ವಿಎಂಗೆ ಕೊಡುವುದು ನ್ಯಾಟ್ ಮಾದರಿಯ ನೆಟ್‌ವರ್ಕ್. ಉಬುಂಟು ಒಳಗೆ ಐಪಿ ವಿಳಾಸ ನೋಡಿ, 10.0.2.15 ಎಂದಿದ್ದರೆ ಅದೇ ಕಾರಣ. ಆ ವಿಳಾಸ ನಿಮ್ಮ ಕಂಪ್ಯೂಟರಿನ ಹೊಟ್ಟೆಯೊಳಗಿನದು, ಟಿವಿಗೆ ಅಲ್ಲಿಗೆ ದಾರಿಯಿಲ್ಲ. ವಿಎಂ ನಿಲ್ಲಿಸಿ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ‘ಬ್ರಿಡ್ಜ್ಡ್ ಅಡಾಪ್ಟರ್’ ಆರಿಸಿ, ಕೆಳಗಿನ ಪಟ್ಟಿಯಲ್ಲಿ ಕೇಬಲ್ ಹಾಕಿರುವ ಲ್ಯಾನ್ ಕಾರ್ಡನ್ನೇ ಹಿಡಿಯಿರಿ. ಈಗ ವಿಎಂಗೆ ರೂಟರಿನಿಂದಲೇ 192.168.1.50 ಥರದ ವಿಳಾಸ ಸಿಗುತ್ತದೆ. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಆ ವಿಳಾಸವನ್ನು ವಿಎಂಗೇ ಮೀಸಲಿಡಿ, ಇಲ್ಲದಿದ್ದರೆ ಒಂದು ದಿನ ಬದಲಾಗಿ ಮತ್ತೆ ಹುಡುಕಾಟ. ಟಿವಿಯ ಆ್ಯಪಿನಲ್ಲಿ ವಿಳಾಸದ ಕೊನೆಗೆ 8096 ಎಂಬ ಪೋರ್ಟ್ ಸಂಖ್ಯೆ ಸೇರಿಸುವುದನ್ನು ಮರೆಯಬೇಡಿ. ಕಂಪ್ಯೂಟರ್ ವೈಫೈನಲ್ಲಿದ್ದರೆ ಬ್ರಿಡ್ಜ್ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಕೈಕೊಡುತ್ತದೆ. ಒಂದು ವೈಫೈ ಸಂಪರ್ಕದ ಹಿಂದೆ ಎರಡು ಮ್ಯಾಕ್ ವಿಳಾಸಗಳಿರುವುದನ್ನು (ನೆಟ್‌ವರ್ಕ್ ಕಾರ್ಡುಗಳ ಗುರುತು ಸಂಖ್ಯೆ) ಸಾಮಾನ್ಯ ರೂಟರುಗಳು ಒಪ್ಪುವುದಿಲ್ಲ. ಹಾಗಾಗಿ ಕೇಬಲ್ ಎಳೆಯಿರಿ.

ಎರಡನೆಯದಕ್ಕೆ ಈ ದಾರಿಯಲ್ಲಿ ಔಷಧಿಯಿಲ್ಲ. ನಿಮ್ಮ ಪ್ರೊಸೆಸರಿನೊಳಗೆ ಕ್ವಿಕ್ ಸಿಂಕ್ ಎಂಬ, ವಿಡಿಯೊ ಬಿಡಿಸಿ ಮತ್ತೆ ಕಟ್ಟುವುದಕ್ಕೆಂದೇ ಇರುವ ಭಾಗವಿದೆ. ವರ್ಚುವಲ್‌ಬಾಕ್ಸ್ ಅದನ್ನು ವಿಎಂಗೆ ಕೊಡುವುದಿಲ್ಲ, ಒಂದು ತೋರಿಕೆಯ ಗ್ರಾಫಿಕ್ಸ್ ಕಾರ್ಡನ್ನಷ್ಟೇ ತೋರಿಸುತ್ತದೆ. ಹಾಗಾಗಿ 4ಕೆಯನ್ನು 1080ಕ್ಕೆ ಇಳಿಸುವ ಕೆಲಸವೆಲ್ಲ ವಿಎಂಗೆ ನೀವು ಕೊಟ್ಟ ಎರಡೋ ಮೂರೋ ಕೋರ್‌ಗಳ ತಲೆಗೆ ಬೀಳುತ್ತದೆ. ಜೊತೆಗೆ ವಿಎಂ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರವಿದೆಯೇ ನೋಡಿ. ಇದ್ದರೆ ವಿಂಡೋಸಿನದೇ ವಿಎಂ ವ್ಯವಸ್ಥೆಯಾದ ಹೈಪರ್-ವಿ ಸಿಪಿಯುವಿನ ಸೌಲಭ್ಯವನ್ನು ಮೊದಲೇ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಹಿಂದೆ ತೆವಳುತ್ತಿದೆ ಎಂದರ್ಥ. ಆಮೆಯನ್ನು ಓಡಿಸಿದರೂ ಕ್ವಿಕ್ ಸಿಂಕ್ ಬರುವುದಿಲ್ಲ ಅನ್ನಿ.

ಆ ಕಂಪ್ಯೂಟರಿನಲ್ಲಿ ವಿಂಡೋಸ್ ಇರಲೇಬೇಕು ಎಂದಾದರೆ ವಿಎಂ ಹಠ ಬಿಡಿ. ಜೆಲ್ಲಿಫಿನ್‌ಗೆ ವಿಂಡೋಸ್ ಇನ್‌ಸ್ಟಾಲರ್ ಇದೆ, ನೇರವಾಗಿ ಹಾಕಿ, ಕ್ವಿಕ್ ಸಿಂಕ್ ಆನ್ ಮಾಡಿ. ಕಂಪ್ಯೂಟರ್ ಬರೀ ಸರ್ವರಿಗೇ ಮೀಸಲು ಎಂದಾದರೆ ವಿಂಡೋಸ್ ತೆಗೆದು ಪ್ರಾಕ್ಸ್‌ಮಾಕ್ಸ್ ಹಾಕಿ, ಮುಂದಿನ ಉತ್ತರ ಓದಿ.

ಇನ್ನೊಂದು ಮಾತು. ಟಿವಿ ಆ ಫೈಲನ್ನು ಇದ್ದಂತೆಯೇ ಆಡಿಸಬಲ್ಲದಾದರೆ ಸರ್ವರಿಗೆ ಬಿಡಿಸಿ ಕಟ್ಟುವ ಕೆಲಸವೇ ಇಲ್ಲ. ವಿಡಿಯೊ ಓಡುತ್ತಿರುವಾಗ ಜೆಲ್ಲಿಫಿನ್ ಡ್ಯಾಶ್‌ಬೋರ್ಡ್ ತೆರೆದರೆ ‘ಡೈರೆಕ್ಟ್ ಪ್ಲೇ’ ಅಥವಾ ‘ಟ್ರಾನ್ಸ್‌ಕೋಡಿಂಗ್’ ಎಂದು ಕಾಣುತ್ತದೆ, ಟ್ರಾನ್ಸ್‌ಕೋಡಿಂಗ್ ಆದರೆ ಕಾರಣವೂ ಇರುತ್ತದೆ. ನೀವು ಕಂಪ್ಯೂಟರಿನ ಬ್ರೌಸರಿನಲ್ಲಿ ನೋಡಿ ಅಳೆದಿದ್ದೀರಿ. 4ಕೆ ವಿಡಿಯೊಗಳನ್ನು ಅಡಕ ಮಾಡಲು ಬಳಸುವ ಎಚ್‌ಇವಿಸಿ ವಿಷಯದಲ್ಲಿ ಬ್ರೌಸರ್ ಹಲವು ಟಿವಿಗಳಿಗಿಂತ ದುರ್ಬಲ. ಮೊದಲು ಟಿವಿಯಲ್ಲಿ ನೋಡಿ. ಅಲ್ಲಿ ಡೈರೆಕ್ಟ್ ಪ್ಲೇ ಆಗಿಯೂ 4ಕೆ ನಿಂತು ನಿಂತು ಬಂದರೆ ಟಿವಿಯ ಲ್ಯಾನ್ ಪೋರ್ಟ್ ಮೇಲೆ ಅನುಮಾನ ಪಡಿ. ಎಷ್ಟೋ ಟಿವಿಗಳಲ್ಲಿ ಅದು 100 ಎಂಬಿಪಿಎಸ್‌ಗಿಂತ ಹೆಚ್ಚು ಎಳೆಯುವುದಿಲ್ಲ. ಆಗ ರೂಟರ್ ಹತ್ತಿರವಿದ್ದರೆ 5 ಗಿಗಾಹರ್ಟ್ಸ್ ವೈಫೈಯೇ ವಾಸಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತೆಗೆದುಕೊಂಡೆ: ಐ5-8500ಟಿ, 16 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಪ್ರಾಕ್ಸ್‌ಮಾಕ್ಸ್ ಹಾಕಿ ಆಯಿತು. ಒಳಗಿನ ಗ್ರಾಫಿಕ್ಸನ್ನು ವಿಎಂಗೆ ಕೊಡುವುದು ಹೇಗೆ? – ಪೊನ್ನಂಪೇಟೆಯ ಓದುಗರು

ಉತ್ತರ: ಒಳ್ಳೆಯ ಆಯ್ಕೆ. ಇಂಟೆಲ್‌ನ 7ನೇ ತಲೆಮಾರಿನಿಂದ ಈಚೆಗಿನ ಗ್ರಾಫಿಕ್ಸ್ 10 ಬಿಟ್ ಎಚ್‌ಇವಿಸಿಯನ್ನು ಬಿಡಿಸುತ್ತದೆ. ನಿಮ್ಮದು 8ನೆಯದು, ಮನೆಗೆ ಧಾರಾಳ ಸಾಕು. ಎವಿ1 ಎಂಬ ಹೊಸ ಅಡಕ ಮಾದರಿ ಮಾತ್ರ ಆಗದು, ಅದಕ್ಕೆ 11ನೇ ತಲೆಮಾರು ಅಥವಾ ಎನ್100 ಥರದ ಚಿಪ್ ಬೇಕು.

ಮೊದಲು ಬಯೋಸ್. ವಿಟಿ-ಎಕ್ಸ್, ವಿಟಿ-ಡಿ ಎರಡೂ ಆನ್ ಆಗಿರಬೇಕು. ಬರೀ ಮೊದಲನೆಯದಿದ್ದರೆ ವಿಎಂ ಓಡುತ್ತದೆ, ಆದರೆ ಗ್ರಾಫಿಕ್ಸ್ ಕೊಡಲಾಗುವುದಿಲ್ಲ. ಕೆಲವು ಕಂಪನಿಗಳು ವಿಟಿ-ಡಿಯನ್ನು ‘ಸೆಕ್ಯುರಿಟಿ’ ಪುಟದೊಳಗೆ ಇಟ್ಟಿರುತ್ತವೆ, ‘ಅಡ್ವಾನ್ಸ್ಡ್’ನಲ್ಲಿ ಸಿಗದಿದ್ದರೆ ಅಲ್ಲಿ ಹುಡುಕಿ.

ನಂತರ ಪ್ರಾಕ್ಸ್‌ಮಾಕ್ಸ್‌ನ ಗ್ರಬ್ (ಕಂಪ್ಯೂಟರ್ ಏಳಿಸುವ ತಂತ್ರಾಂಶ) ಫೈಲಿನ ಕರ್ನಲ್ (ಲಿನಕ್ಸ್‌ನ ತಿರುಳು) ಸಾಲಿಗೆ ಇಂಟೆಲ್ ಐಒಎಂಎಂಯು, ಅಂದರೆ ಸಾಧನವನ್ನು ವಿಎಂಗೆ ಒಪ್ಪಿಸಲು ಬೇಕಾದ ಸೌಲಭ್ಯ, ಆನ್ ಮಾಡುವ ಆಯ್ಕೆ ಸೇರಿಸಿ, ಗ್ರಬ್ ಅಪ್‌ಡೇಟ್ ಕಮಾಂಡ್ ಕೊಡಿ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಮೇಲೆ ಇನ್‌ಸ್ಟಾಲ್ ಮಾಡಿದ್ದರೆ ಹಲವು ಕಡೆ ಗ್ರಬ್ ಇರುವುದಿಲ್ಲ, ಪ್ರಾಕ್ಸ್‌ಮಾಕ್ಸ್‌ನದೇ ಬೂಟ್ ಟೂಲ್‌ನಿಂದ ರಿಫ್ರೆಶ್ ಮಾಡಬೇಕು. ಗ್ರಬ್ ಫೈಲ್ ತಿದ್ದಿ ತಿದ್ದಿ ಏನೂ ಬದಲಾಗದೆ ತಲೆ ಕೆರೆದುಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಇಂಟೆಲ್ ಗ್ರಾಫಿಕ್ಸಿನ ಡ್ರೈವರ್ ಐ915, ವಿಎಂಗಳನ್ನು ಓಡಿಸುವ ಮೂಲ ವ್ಯವಸ್ಥೆಯಾದ ಹೋಸ್ಟ್‌ನಲ್ಲಿ ಏಳದಂತೆ ಬ್ಲ್ಯಾಕ್‌ಲಿಸ್ಟ್ ಮಾಡಿ, ಸಾಧನವನ್ನು ವಿಎಂಗೆ ದಾಟಿಸುವ ವಿಎಫ್‌ಐಓ ಮಾಡ್ಯೂಲ್‌ಗಳನ್ನು ಸೇರಿಸಿ, ರೀಬೂಟ್ ಮಾಡಿ.

ಈಗ ವಿಎಂ. ಮಷೀನ್ ಮಾದರಿ ಕ್ಯೂ35. ಸಿಪಿಯು ಮಾದರಿ ‘ಹೋಸ್ಟ್’. ಕೋರ್ 4, ರ‍್ಯಾಮ್ 4 ಜಿಬಿ, ಡಿಸ್ಕ್ 32 ಜಿಬಿ. ಬಲೂನಿಂಗ್ ಎಂಬ ಗುರುತು ತೆಗೆಯಿರಿ. ಗ್ರಾಫಿಕ್ಸ್ ಕೊಟ್ಟ ಮೇಲೆ ವಿಎಂಗೆ ಹೇಳಿದಷ್ಟೂ ರ‍್ಯಾಮ್ ಮೊದಲೇ ಕಟ್ಟಿಟ್ಟಂತೆ, ಹಿಗ್ಗಿಸಿ ಕುಗ್ಗಿಸುವ ಆಟ ನಡೆಯುವುದಿಲ್ಲ. ಹಾರ್ಡ್‌ವೇರ್ ಪುಟದಲ್ಲಿ ಪಿಸಿಐ ಡಿವೈಸ್ ಸೇರಿಸಿ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ 00:02.0 ಎಂಬ ವಿಳಾಸದಲ್ಲಿರುತ್ತದೆ. ‘ಪಿಸಿಐ ಎಕ್ಸ್‌ಪ್ರೆಸ್’ ಗುರುತು ಹಾಕಿ, ‘ಪ್ರೈಮರಿ ಜಿಪಿಯು’ ಹಾಕಬೇಡಿ. ತೋರಿಕೆಯ ಡಿಸ್‌ಪ್ಲೇ ಹಾಗೇ ಇರಲಿ, ಅದಿದ್ದರೆ ಬ್ರೌಸರಿನಲ್ಲಿ ವಿಎಂ ಪರದೆ ಕಾಣುತ್ತದೆ.

ವಿಎಂ ಒಳಗೆ ಡೆಬಿಯನ್ 12 ಹಾಕಿದಿರಿ ಎನ್ನೋಣ. ‘ಡೆವ್’ ಒಳಗಿನ ‘ಡಿಆರ್‌ಐ’ ಫೋಲ್ಡರ್ ತೆರೆದು ನೋಡಿ, ಹೆಸರಿನ ಕೊನೆಗೆ 128 ಎಂದಿರುವ ರೆಂಡರ್ ಕಡತ ಇರಬೇಕು. ಬರೀ ‘ಕಾರ್ಡ್0’ ಮಾತ್ರ ಇದ್ದರೆ ಅದು ತೋರಿಕೆಯ ಡಿಸ್‌ಪ್ಲೇಯದ್ದು, ನಿಜವಾದ ಗ್ರಾಫಿಕ್ಸ್ ಇನ್ನೂ ಎದ್ದಿಲ್ಲ. ಕಾರಣ ಬಹಳ ಸಲ ಕರ್ನಲ್. ಬೇಗ ಆಗಲಿ ಎಂದು ಸಿದ್ಧ ಕ್ಲೌಡ್ ಇಮೇಜ್ ಇಳಿಸಿಕೊಂಡಿದ್ದರೆ ಅದರ ಹಗುರ ಕರ್ನಲ್‌ನಲ್ಲಿ ಐ915 ಡ್ರೈವರ್ ಇರುವುದೇ ಇಲ್ಲ. ಪೂರ್ಣ ಕರ್ನಲ್ ಹಾಕಿ ರೀಬೂಟ್ ಮಾಡಿದರೆ ಸರಿಯಾಗುತ್ತದೆ. ಆ ಮೇಲೆ ಜೆಲ್ಲಿಫಿನ್ ಬಳಕೆದಾರನನ್ನು ‘ರೆಂಡರ್’ ಗುಂಪಿಗೆ ಸೇರಿಸಿ. ಇದನ್ನು ಬಿಟ್ಟರೆ ಎಲ್ಲ ಸರಿಯಿದ್ದಂತೆ ಕಂಡು, ವಿಡಿಯೊ ಒತ್ತಿದ ಕೂಡಲೇ ದೋಷದ ಸಂದೇಶ ಬರುತ್ತದೆ.

ಜೆಲ್ಲಿಫಿನ್‌ನ ಟ್ರಾನ್ಸ್‌ಕೋಡಿಂಗ್ ಪುಟದಲ್ಲಿ ಇಂಟೆಲ್ ಕ್ಯೂಎಸ್‌ವಿ (ಕ್ವಿಕ್ ಸಿಂಕ್) ಆರಿಸಿ ಎಚ್.264, ಎಚ್‌ಇವಿಸಿ, ಎಚ್‌ಇವಿಸಿ 10 ಬಿಟ್, ವಿಪಿ9 ಇವಕ್ಕೆ ಗುರುತು ಹಾಕಿ. ಎಲ್ಲಕ್ಕೂ ಹಾಕಿಬಿಡೋಣ ಅನ್ನಿಸಿದರೂ ಎವಿ1ಗೆ ಹಾಕಬೇಡಿ. ಚಿಪ್‌ಗೆ ಬಾರದ ಕೆಲಸ ಒಪ್ಪಿಸಿದರೆ ಆ ಫೈಲ್ ಓಡುವುದೇ ಇಲ್ಲ. ಗುರುತು ಇಲ್ಲದಿದ್ದರೆ ನಿಧಾನವಾಗಿಯಾದರೂ ಸಿಪಿಯು ಮಾಡುತ್ತದೆ. ಎಚ್‌ಡಿಆರ್ ವಿಡಿಯೊ ಸಾಮಾನ್ಯ ಟಿವಿಯಲ್ಲಿ ಬೂದಿ ಬಳಿದಂತೆ ಕಂಡರೆ ಬಣ್ಣವನ್ನು ಸಾಮಾನ್ಯ ಟಿವಿಗೆ ಹೊಂದಿಸುವ ಟೋನ್ ಮ್ಯಾಪಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಇಂಟೆಲ್ ಓಪನ್‌ಸಿಎಲ್ ಪ್ಯಾಕೇಜನ್ನು ಡೆಬಿಯನ್‌ನಿಂದ ಬೇರೆಯಾಗಿ ಹಾಕಬೇಕು.

ಪರೀಕ್ಷೆ ಹೀಗೆ: ಫೋನಿನ ಆ್ಯಪಿನಲ್ಲಿ ಗುಣಮಟ್ಟವನ್ನು ಬೇಕೆಂದೇ 3 ಎಂಬಿಪಿಎಸ್‌ಗೆ ಇಳಿಸಿ ಒಂದು 4ಕೆ ವಿಡಿಯೊ ಹಾಕಿ. ವಿಎಂ ಒಳಗೆ ಇಂಟೆಲ್ ಜಿಪಿಯು ಟಾಪ್ ಎಂಬ ಉಪಕರಣ ತೆರೆದರೆ ‘ವಿಡಿಯೊ’ ಸಾಲಿನ ಪಟ್ಟಿ ಏರಿಳಿಯಬೇಕು. ಆ ಪಟ್ಟಿ ಸೊನ್ನೆಯಲ್ಲೇ ಕುಳಿತು ಸಿಪಿಯು ಏರಿದರೆ ಕ್ವಿಕ್ ಸಿಂಕ್ ಹತ್ತಿಲ್ಲ.

ವಿಎಂ ಎದ್ದ ಕ್ಷಣ ಮಿನಿ ಪಿಸಿಗೆ ಹಾಕಿದ್ದ ಮಾನಿಟರ್ ಕಪ್ಪಾಗುತ್ತದೆ. ಕೆಟ್ಟಿಲ್ಲ, ಗ್ರಾಫಿಕ್ಸ್ ವಿಎಂ ಪಾಲಾಗಿದೆ ಅಷ್ಟೇ. ಇನ್ನು ಮುಂದೆ ಪ್ರಾಕ್ಸ್‌ಮಾಕ್ಸ್‌ಗೆ ಹೋಗುವ ಮುಖ್ಯ ಬಾಗಿಲು ಬ್ರೌಸರಿನ 8006 ಪೋರ್ಟ್. ಇಲ್ಲೇ ಒಂದು ಹಳ್ಳವಿದೆ. ಇಂಟರ್‌ನೆಟ್ ಕಂಪನಿಯವರು ಬಂದು ರೂಟರ್ ಬದಲಿಸಿ ಹೋಗುತ್ತಾರೆ. ಮನೆಯ ವಿಳಾಸಗಳು 192.168.1ರಿಂದ 192.168.0ಕ್ಕೆ ಬದಲಾಗುತ್ತವೆ; ಪ್ರಾಕ್ಸ್‌ಮಾಕ್ಸ್ ಮಾತ್ರ ತನ್ನ ಹಳೇ ಸ್ಥಿರ ವಿಳಾಸ ಹಿಡಿದು ಕುಳಿತಿರುತ್ತದೆ. ಬ್ರೌಸರಿನಲ್ಲೂ ಸಿಗದು, ಮಾನಿಟರಿನಲ್ಲೂ ಕಾಣದು. ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಒಂದು ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ಮಿನಿ ಪಿಸಿಗೆ ಜೋಡಿಸಿ, ಲ್ಯಾಪ್‌ಟಾಪಿಗೆ ಹಳೇ ಸಾಲಿನ ವಿಳಾಸವೊಂದನ್ನು (192.168.1.77 ಇರಲಿ) ಕೈಯಾರೆ ಕೊಟ್ಟರೆ 8006 ತೆರೆದುಕೊಳ್ಳುತ್ತದೆ. ಅಲ್ಲಿ ಹೊಸ ವಿಳಾಸ ಬರೆಯಿರಿ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಎಲ್‌ಎಕ್ಸ್‌ಸಿ ಕಂಟೇನರ್, ಅಂದರೆ ಹೋಸ್ಟ್‌ನ ಕರ್ನಲ್ಲನ್ನೇ ಬಳಸುವ ಹಗುರ ಕೋಣೆ, ಇದೆ. ಅದರಲ್ಲಿ ಗ್ರಾಫಿಕ್ಸ್ ಹೋಸ್ಟ್ ಬಳಿಯೇ ಉಳಿಯುತ್ತದೆ, ರೆಂಡರ್ ಕಡತವನ್ನಷ್ಟೇ ಒಳಗೆ ತೋರಿಸುತ್ತೀರಿ. ಮಾನಿಟರ್ ಕಪ್ಪಾಗುವುದಿಲ್ಲ, ಎರಡು ಮೂರು ಕಂಟೇನರ್‌ಗಳು ಒಂದೇ ಗ್ರಾಫಿಕ್ಸ್ ಹಂಚಿಕೊಳ್ಳಬಹುದು. ಜೆಲ್ಲಿಫಿನ್ ಒಂದನ್ನೇ ಓಡಿಸುವ ಮನೆಗೆ ನಮ್ಮ ಮತ ಕಂಟೇನರಿಗೇ. ಹೊರಗಿನವರಿಗೂ ತೆರೆದಿಡುವ ಸರ್ವರ್ ಆದರೆ, ಕರ್ನಲ್ ಬೇರೆಯೇ ಇರುವ ವಿಎಂ ಹೆಚ್ಚು ಭದ್ರ. ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡಿ: ಗ್ರಾಫಿಕ್ಸ್ ವಿಎಂಗೆ ಹೋದ ಮೇಲೆ ಹೋಸ್ಟ್‌ನಲ್ಲಿ ಆ ಕಡತವೇ ಇರುವುದಿಲ್ಲ, ಕಂಟೇನರ್ ಏಳುವುದಿಲ್ಲ.

ಪ್ರಶ್ನೆ: 4 ಟಿಬಿಯ ಯುಎಸ್‌ಬಿ ಡಿಸ್ಕನ್ನು ವಿಎಂಗೆ ಕೊಟ್ಟಿದ್ದೇನೆ, ಎನ್‌ಟಿಎಫ್‌ಎಸ್‌ನಲ್ಲಿದೆ (ವಿಂಡೋಸಿನ ಫೈಲ್ ಸಿಸ್ಟಮ್). ಅದೇ ಫೋಲ್ಡರಿಗೆ ಫೋನಿನ ಫೋಟೊಗಳೂ ತಾವಾಗಿ ಬಂದು ಬೀಳುತ್ತವೆ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಜೆಲ್ಲಿಫಿನ್‌ನಲ್ಲಿ ಸಿನಿಮಾಗಳೆಲ್ಲ ಮಾಯ, ವಿಎಂ ಡಿಸ್ಕ್ ಭರ್ತಿ. ಮಿನಿ ಪಿಸಿ ಮಾತ್ರ ಯುಪಿಎಸ್ ಮೇಲಿದ್ದು ಆಫ್ ಆಗಲೇ ಇಲ್ಲ. – ಮಡಿಕೇರಿಯ ಓದುಗರು

ಉತ್ತರ: ಸಿನಿಮಾಗಳು ಹೋಗಿಲ್ಲ, ಡಿಸ್ಕಿನಲ್ಲೇ ಇವೆ. ನಡೆದದ್ದನ್ನು ಹೀಗೆ ಊಹಿಸಬಹುದು. ದೊಡ್ಡ ಡಿಸ್ಕುಗಳಿಗೆ 12 ವೋಲ್ಟ್‌ನ ಬೇರೆ ಅಡಾಪ್ಟರ್ ಇರುತ್ತದೆ. ಪಿಸಿ ಯುಪಿಎಸ್‌ನಲ್ಲಿದೆ, ಡಿಸ್ಕಿನ ಅಡಾಪ್ಟರ್ ಪಕ್ಕದ ಮಾಮೂಲಿ ಪ್ಲಗ್ಗಿನಲ್ಲಿದೆ. ಕರೆಂಟ್ ಹೋದಾಗ ಡಿಸ್ಕ್ ಒಂದೇ ಕಳಚಿಕೊಂಡಿತು. ಬಂದಾಗ, ಕೊಳಕಾಗಿ ಮುಚ್ಚಿದ್ದ ಎನ್‌ಟಿಎಫ್‌ಎಸ್‌ ಅನ್ನು ಲಿನಕ್ಸ್ ಮೌಂಟ್ ಮಾಡಲು, ಅಂದರೆ ಒಂದು ಫೋಲ್ಡರಿಗೆ ಜೋಡಿಸಿ ತೆರೆಯಲು, ಒಪ್ಪಲಿಲ್ಲ. ಮೌಂಟ್ ಆಗದ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರ್ ಉಳಿಯಿತು, ಅದು ಇರುವುದು ವಿಎಂನ ಸ್ವಂತ ಡಿಸ್ಕಿನಲ್ಲಿ. ಫೋನಿನ ಫೋಟೊಗಳು ಅಲ್ಲಿ ಬಂದು ತುಂಬಿದವು. ಜೆಲ್ಲಿಫಿನ್‌ನ ಈಚಿನ ಆವೃತ್ತಿಗಳು ಪೂರ್ತಿ ಖಾಲಿ ಫೋಲ್ಡರ್ ಕಂಡರೆ ಸ್ಕ್ಯಾನ್ ಮಾಡದೆ ಬಿಟ್ಟುಬಿಡುತ್ತವೆ. ಆದರೆ ಫೋಟೊ ಬಂದು ಬಿದ್ದದ್ದರಿಂದ ಫೋಲ್ಡರ್ ಖಾಲಿ ಇರಲಿಲ್ಲ, ಸಿನಿಮಾಗಳನ್ನು ಯಾರೋ ಅಳಿಸಿದ್ದಾರೆ ಎಂದು ತಿಳಿದು ಪಟ್ಟಿಯಿಂದ ತೆಗೆಯಿತು.

ಮೊದಲು ಜೆಲ್ಲಿಫಿನ್ ನಿಲ್ಲಿಸಿ. ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿ ಚೆಕ್‌ಡಿಸ್ಕ್ ಓಡಿಸಿ. ಲಿನಕ್ಸ್‌ನಲ್ಲೇ ‘ಫೋರ್ಸ್’ ಎಂದು ಒತ್ತಾಯದಿಂದ ಮೌಂಟ್ ಮಾಡುವ ಸಲಹೆ ಸಿಗುತ್ತದೆ, ಕೇಳಬೇಡಿ. ಡಿಸ್ಕ್ ಕಳಚಿರುವಾಗಲೇ ವಿಎಂನ ಆ ಫೋಲ್ಡರಿನಲ್ಲಿ ಬಿದ್ದ ಫೋಟೊಗಳನ್ನು ಬೇರೆಡೆ ಎತ್ತಿಡಿ. ಡಿಸ್ಕ್ ಮೌಂಟ್ ಆದ ಮೇಲೆ ಅವು ಅದರಡಿ ಮುಚ್ಚಿಹೋಗುತ್ತವೆ: ಜಾಗ ತಿನ್ನುತ್ತವೆ, ಕಣ್ಣಿಗೆ ಬೀಳುವುದಿಲ್ಲ.

ಮತ್ತೆ ಆಗದಂತೆ ಮಾಡಬೇಕಾದ್ದು ನಾಲ್ಕು. ಖಾಲಿ ಫೋಲ್ಡರಿಗೆ, ಡಿಸ್ಕ್ ಇಲ್ಲದಿರುವಾಗ, ಸಿಎಚ್‌ಎಟಿಟಿಆರ್ ಕಮಾಂಡಿನಿಂದ ‘ಪ್ಲಸ್ ಐ’ ಗುರುತು ಹಾಕಿ. ಆಗ ಡಿಸ್ಕ್ ಮೌಂಟ್ ಆಗದಿದ್ದರೆ ಅಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಕೂಡ ಏನನ್ನೂ ಬರೆಯಲಾರದು. ಮೌಂಟ್ ಆದರೆ ಮಾಮೂಲಿಯಂತೆ ಬರೆಯಬಹುದು. ಈ ಒಂದು ಸಾಲನ್ನೇ ಹಾಕಿದ್ದರೆ ನಿಮಗೆ ಈ ಪತ್ರ ಬರೆಯುವ ಕೆಲಸ ಇರುತ್ತಿರಲಿಲ್ಲ. ಎರಡನೆಯದು, ಬೂಟ್ ಆಗುವಾಗ ಮೌಂಟ್ ಮಾಡಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕನ್ನು ಯುಯುಐಡಿಯಿಂದ (ಅದರದೇ ಗುರುತು ಸಂಖ್ಯೆ) ಗುರುತಿಸಿ, ‘ನೋಫೇಲ್’ ಸೇರಿಸಿ. ಅದಿಲ್ಲದಿದ್ದರೆ ಡಿಸ್ಕ್ ಸಿಗದ ದಿನ ವಿಎಂ ಬೂಟ್ ಆಗದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಲ್ಲುತ್ತದೆ. ಮೂರನೆಯದು, ಜೆಲ್ಲಿಫಿನ್ ಸರ್ವಿಸ್ ಕಡತದಲ್ಲಿ ‘ರಿಕ್ವೈರ್ಸ್ ಮೌಂಟ್ಸ್ ಫಾರ್’ ಸಾಲು ಬರೆಯಿರಿ, ಡಿಸ್ಕ್ ಇಲ್ಲದೆ ಸರ್ವರ್ ಏಳುವುದೇ ಬೇಡ. ನಾಲ್ಕನೆಯದು, ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿ.

ಸಮಯ ಸಿಕ್ಕಾಗ ಡಿಸ್ಕನ್ನು ಲಿನಕ್ಸ್‌ನದೇ ಫೈಲ್ ಸಿಸ್ಟಮ್ ಆದ ಎಕ್ಸ್ಟ್4ಗೆ ಬದಲಿಸಿ. ಫಾರ್ಮ್ಯಾಟ್ ಆಗುವುದರಿಂದ ಇನ್ನೊಂದು ಡಿಸ್ಕ್ ಎರವಲು ತಂದು ಎಲ್ಲವನ್ನೂ ಮೊದಲು ನಕಲು ಮಾಡಬೇಕು. ಕರೆಂಟ್ ಕೈಕೊಟ್ಟರೆ ಎಕ್ಸ್ಟ್4 ತನ್ನ ಜರ್ನಲ್ ಓದಿ ತಾನೇ ಸರಿಮಾಡಿಕೊಂಡು ಮೌಂಟ್ ಆಗುತ್ತದೆ, ವಿಂಡೋಸ್ ಹುಡುಕಿಕೊಂಡು ಹೋಗಬೇಕಿಲ್ಲ.

ಡಿಸ್ಕನ್ನು ವಿಎಂಗೆ ಕೊಡುವ ಎರಡು ದಾರಿಗಳಲ್ಲಿ ಯಾವುದೆಂದು ನೀವು ಬರೆದಿಲ್ಲ. ಯುಎಸ್‌ಬಿ ಸಾಧನವಾಗಿ ಕೊಟ್ಟರೆ ಡಿಸ್ಕ್ ಇಲ್ಲದಿದ್ದರೂ ವಿಎಂ ಏಳುತ್ತದೆ. ಹೋಸ್ಟ್‌ನಿಂದ ಅದರ ಸೀರಿಯಲ್ ಹೆಸರಿನ ಮೂಲಕ ಸ್ಕಸಿ ಡಿಸ್ಕ್ ಆಗಿ ಕೊಟ್ಟರೆ, ಡಿಸ್ಕ್ ಇಲ್ಲದ ದಿನ ವಿಎಂ ಏಳಲು ನಿರಾಕರಿಸುತ್ತದೆ. ಪಿಸಿಯೊಳಗೆ ಕೂರಿಸಿದ ಸಾಟಾ ಡಿಸ್ಕಿಗೆ ಎರಡನೆಯದು, ಯುಎಸ್‌ಬಿಗೆ ಮೊದಲನೆಯದು ಹೊಂದುತ್ತದೆ. ಎರಡರಲ್ಲೂ ಒಂದು ಕಟ್ಟುನಿಟ್ಟು: ವಿಎಂ ಬಳಸುತ್ತಿರುವ ಡಿಸ್ಕನ್ನು ಹೋಸ್ಟ್‌ನಲ್ಲೂ ಮೌಂಟ್ ಮಾಡಕೂಡದು. ಎರಡು ವ್ಯವಸ್ಥೆಗಳು ಒಂದಕ್ಕೊಂದು ತಿಳಿಯದಂತೆ ಒಂದೇ ಎಕ್ಸ್ಟ್4 ಮೇಲೆ ಬರೆದರೆ ಫೈಲ್ ಸಿಸ್ಟಮ್ ಹಾಳಾಗುತ್ತದೆ, ಮತ್ತೆ ಜೋಡಿಸುವುದು ಕಷ್ಟ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಸರ್ವರಿಗೆ ಯಾವ ಯುಪಿಎಸ್? ಮನೆಯಲ್ಲಿ ಇನ್‌ವರ್ಟರ್ ಇದೆ. – ನಾಪೋಕ್ಲು ಓದುಗರು

ಉತ್ತರ: ಲೆಕ್ಕ ಹಾಕೋಣ. ಮಿನಿ ಪಿಸಿ ಸುಮ್ಮನಿರುವಾಗ 10ರಿಂದ 20 ವ್ಯಾಟ್, ದೊಡ್ಡ ಡಿಸ್ಕ್ 6ರಿಂದ 8, ಫೈಬರ್ ಪೆಟ್ಟಿಗೆ ಮತ್ತು ರೂಟರ್ ಸೇರಿ 10ರಿಂದ 15. ಒಟ್ಟು 40 ಎಂದಿಟ್ಟುಕೊಳ್ಳಿ. 600 ವಿಎ ಯುಪಿಎಸ್‌ನ ಒಳಗಿರುವ 12 ವೋಲ್ಟ್ 7 ಎಎಚ್ ಬ್ಯಾಟರಿ ಕಾಗದದ ಮೇಲೆ 84 ವ್ಯಾಟ್-ಅವರ್. ಕೈಗೆ ಸಿಗುವುದು ಅದರಲ್ಲಿ ಅರ್ಧ ಎಂದು ಹಿಡಿದರೆ ಹೊಸದರಲ್ಲಿ ಒಂದು ಗಂಟೆಯಷ್ಟು. ಎರಡು ಮೂರು ವರ್ಷಕ್ಕೆ ಬ್ಯಾಟರಿ ಸೊರಗುತ್ತದೆ. ಕೊಳ್ಳುವಾಗ ವಿಎಗಿಂತ ಮುಖ್ಯವಾದದ್ದು ಹಿಂದೆ ಯುಎಸ್‌ಬಿ ಡೇಟಾ ಪೋರ್ಟ್ ಇದೆಯೇ ಎಂಬುದು. ಅದಿಲ್ಲದ ಯುಪಿಎಸ್ ಸರ್ವರಿಗೆ ಏನನ್ನೂ ಹೇಳದೆ ಒಮ್ಮೆಗೇ ಕೈಬಿಡುತ್ತದೆ.

ಆ ಕೇಬಲ್ಲನ್ನು ಹೋಸ್ಟ್‌ಗೆ ಹಾಕಿ, ವಿಎಂಗೆ ಕೊಡಬೇಡಿ. ಹೋಸ್ಟ್‌ನಲ್ಲಿ ನಟ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಅದು ಯುಪಿಎಸ್ ಜೊತೆ ಮಾತಾಡುತ್ತದೆ. ಅಗ್ಗದ ಯುಪಿಎಸ್‌ಗಳು ‘ಬ್ಯಾಟರಿ ಮುಗಿಯುತ್ತಿದೆ’ ಎಂದು ಹೇಳುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಆದ್ದರಿಂದ ಆ ಸೂಚನೆ ನಂಬದೆ, ಕರೆಂಟ್ ಹೋಗಿ 10 ನಿಮಿಷ ಆದರೆ ಮುಚ್ಚು ಎಂದು ಗಡಿಯಾರದ ಲೆಕ್ಕ ಕೊಡಿ. ಹತ್ತು ಸಲದಲ್ಲಿ ಎಂಟು ಸಲ ಕರೆಂಟ್ ಅಷ್ಟರೊಳಗೆ ಬಂದಿರುತ್ತದಲ್ಲ. ಹೋಸ್ಟ್‌ನ ಆಜ್ಞೆಯನ್ನು ವಿಎಂಗೆ ಮುಟ್ಟಿಸುವ ಕ್ಯೂಇಎಂಯು ಗೆಸ್ಟ್ ಏಜೆಂಟನ್ನು ವಿಎಂ ಒಳಗೆ ಹಾಕಿ, ಪ್ರಾಕ್ಸ್‌ಮಾಕ್ಸ್‌ನ ಆಯ್ಕೆಗಳಲ್ಲೂ ಆನ್ ಮಾಡಿ. ಮುಚ್ಚುವಾಗ ಪ್ರಾಕ್ಸ್‌ಮಾಕ್ಸ್ ಒಂದು ವಿಎಂಗಾಗಿ 180 ಸೆಕೆಂಡ್ ಕಾಯುತ್ತದೆ, ಬ್ಯಾಟರಿ ಅಷ್ಟು ಹೊತ್ತು ಉಳಿದಿರಬೇಕು.

ಕರೆಂಟ್ ಬಂದಾಗ ತಾನಾಗಿ ಏಳಲು ಬಯೋಸ್‌ನಲ್ಲಿ ‘ಕರೆಂಟ್ ಬಂದ ಮೇಲೆ ಆನ್ ಆಗು’ ಎಂಬ ಅರ್ಥದ ಆಯ್ಕೆ, ವಿಎಂಗೆ ‘ಸ್ಟಾರ್ಟ್ ಅಟ್ ಬೂಟ್’ ಎರಡೂ ಬೇಕು. ಅಷ್ಟಾದರೂ ಕೆಲವೊಮ್ಮೆ ಏಳುವುದಿಲ್ಲ. ಪಿಸಿ ಮುಚ್ಚಿದ ಮೇಲೂ ಯುಪಿಎಸ್ ವಿದ್ಯುತ್ ಕೊಡುತ್ತಲೇ ಇದ್ದು, ಅಷ್ಟರಲ್ಲಿ ಕರೆಂಟ್ ಬಂದುಬಿಟ್ಟರೆ, ಪಿಸಿಯ ಮಟ್ಟಿಗೆ ಕರೆಂಟ್ ಹೋಗಿಯೇ ಇಲ್ಲ. ನಟ್‌ನಲ್ಲಿ ಕೊನೆಗೆ ಯುಪಿಎಸ್‌ನ ಔಟ್‌ಪುಟ್ಟನ್ನೂ ಆಫ್ ಮಾಡಿಸುವ ಏರ್ಪಾಡಿದೆ, ಅದನ್ನು ಬಳಸಿ. ನಿಮ್ಮ ಯುಪಿಎಸ್ ಅದನ್ನು ಕೇಳದಿದ್ದರೆ ಫೋನಿನಿಂದ ವೇಕ್ ಆನ್ ಲ್ಯಾನ್ (ನೆಟ್‌ವರ್ಕ್ ಮೂಲಕ ಪಿಸಿ ಎಬ್ಬಿಸುವ ಸಂದೇಶ) ಕಳಿಸಿ.

ಇನ್‌ವರ್ಟರ್ ಪ್ಯೂರ್ ಸೈನ್ ವೇವ್ ಆಗಿದ್ದು, ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ತಿರುಗಿಸಿದ್ದರೆ ಸರ್ವರ್ ಆಫ್ ಆಗದೆ ದಾಟುವ ಸಾಧ್ಯತೆ ಹೆಚ್ಚು. ‘ಎಕೊ’ ಅಥವಾ ‘ನಾರ್ಮಲ್’ನಲ್ಲಿದ್ದರೆ ಬದಲಾಗುವ ಹೊತ್ತು ಉದ್ದ, ಪಿಸಿ ರೀಬೂಟ್ ಆಗುತ್ತದೆ. ಆದರೆ ರಾತ್ರಿಯೆಲ್ಲ ಕರೆಂಟಿಲ್ಲದೆ ಬ್ಯಾಟರಿ ಬರಿದಾಗುವುದನ್ನು ಸಾಮಾನ್ಯ ಇನ್‌ವರ್ಟರ್ ಸರ್ವರಿಗೆ ತಿಳಿಸುವುದಿಲ್ಲ. ಇನ್‌ವರ್ಟರ್ ಸಾಲಿನ ಮೇಲೆ ಒಂದು ಸಣ್ಣ ಯುಪಿಎಸ್ ಇಟ್ಟರೆ, ಇನ್‌ವರ್ಟರ್ ಕೈಬಿಟ್ಟಾಗ ಯುಪಿಎಸ್ ಸುದ್ದಿ ಮುಟ್ಟಿಸುತ್ತದೆ.

ಗುಡುಗು ಸಿಡಿಲಿನ ಬಗ್ಗೆಯೂ ಎರಡು ಮಾತು. ಮನೆಯಿಂದ ಕಾಫಿ ಕಣದ ಗೋದಾಮಿಗೋ ಪಕ್ಕದ ಕಟ್ಟಡಕ್ಕೋ ಬಯಲಲ್ಲಿ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ಅದೇ ಸಿಡಿಲಿಗೆ ದಾರಿ; ಪ್ಲಗ್ ಕಿತ್ತರೂ ಆ ಕೇಬಲ್ ಮೂಲಕ ಪೋರ್ಟುಗಳು ಸುಡಬಹುದು. ಕಟ್ಟಡಗಳ ನಡುವೆ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿ. ಇನ್ನು ತೇವ: ಸದಾ ಓಡುವ ಪಿಸಿ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಕೆಡುವುದು ಕಪಾಟಿನಲ್ಲಿ ತಿಂಗಳುಗಟ್ಟಲೆ ಮಲಗಿಸಿಟ್ಟ ಬ್ಯಾಕಪ್ ಡಿಸ್ಕ್. ಅದನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿದ್ದಾಳೆ, ಮನೆಯ ವಿಡಿಯೊಗಳನ್ನು ಅಲ್ಲಿಂದ ನೋಡಬೇಕಂತೆ. ರೂಟರಿನಲ್ಲಿ 8096 ಫಾರ್ವರ್ಡ್ ಮಾಡಿದೆ, ಏನೂ ಆಗಲಿಲ್ಲ. – ಕುಶಾಲನಗರದ ಓದುಗರು

ಉತ್ತರ: ಆಗದಿದ್ದದ್ದು ಒಳ್ಳೆಯದೇ ಆಯಿತು; ಆ ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಡಬಾರದು. ರೂಟರಿನ ವ್ಯಾನ್ (ಇಂಟರ್‌ನೆಟ್ ಕಡೆಯ) ವಿಳಾಸ ನೋಡಿ. 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಒಂದೇ ಹೊರ ವಿಳಾಸವನ್ನು ಕಂಪನಿ ಅನೇಕ ಮನೆಗಳಿಗೆ ಹಂಚಿದೆ, ಹೊರಗಿನಿಂದ ಬಂದ ಕರೆ ನಿಮ್ಮ ರೂಟರಿನವರೆಗೆ ತಲುಪುವುದೇ ಇಲ್ಲ.

ದೂರದ ಸಾಧನಗಳನ್ನು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ಟೇಲ್‌ಸ್ಕೇಲ್ ಎಂಬ ತಂತ್ರಾಂಶವನ್ನು ವಿಎಂ ಒಳಗೆ ಹಾಕಿ, ಮಗಳ ಫೋನಿಗೂ ಹಾಕಿಸಿ. ಮನೆಬಳಕೆಗೆ ಉಚಿತ. ವಿಎಂಗೆ 100ರಿಂದ ಶುರುವಾಗುವ ಇನ್ನೊಂದು ವಿಳಾಸ ಬರುತ್ತದೆ, ಅವಳು ಅದರ ಕೊನೆಗೆ 8096 ಸೇರಿಸಿ ತೆರೆಯಲಿ. ಪೋರ್ಟ್ ಫಾರ್ವರ್ಡ್ ತೆಗೆದುಹಾಕಿ. ಜೆಲ್ಲಿಫಿನ್‌ನಲ್ಲಿ ಹೊರಗಿನ ಸಂಪರ್ಕಕ್ಕೆ ಅನುಮತಿ ಇದ್ದು, ಇಂಟರ್‌ನೆಟ್ ಬಿಟ್‌ರೇಟ್ ಮಿತಿ 4 ಎಂಬಿಪಿಎಸ್ ಇರಲಿ. ಆ ಮಿತಿ ಇದ್ದರೆ ದೊಡ್ಡ ಫೈಲುಗಳು ಟ್ರಾನ್ಸ್‌ಕೋಡ್ ಆಗುತ್ತವೆ, ಕ್ವಿಕ್ ಸಿಂಕ್ ಬೇಕಾಗುವುದು ಇಲ್ಲೇ. ಜೆಲ್ಲಿಫಿನ್ ಬದಲು ಪ್ಲೆಕ್ಸ್ ಎಂಬ ಸರ್ವರ್ ಬಳಸುವವರು ಗಮನಿಸಿ: 2025ರ ಏಪ್ರಿಲ್ 29ರಿಂದ ಅದರಲ್ಲಿ ಮನೆಯ ಹೊರಗಿನಿಂದ ವಿಡಿಯೊ ನೋಡಲು ಹಣ ಕಟ್ಟಬೇಕು, ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್ ಮೊದಲಿನಿಂದಲೂ ಹಣದ್ದೇ.

ಪ್ರಶ್ನೆ: ಕನ್ನಡ ಸಬ್‌ಟೈಟಲ್ ಟಿವಿಯಲ್ಲಿ ಚೌಕ ಚೌಕವಾಗಿ ಬರುತ್ತದೆ. – ವಿರಾಜಪೇಟೆಯ ಓದುಗರು

ಉತ್ತರ: ಚೌಕ ಬಂದರೆ ಫಾಂಟ್ ಇಲ್ಲ. ಅಕ್ಷರ ಬಂದು ಒತ್ತುಗಳು ಕಳಚಿ ಪಕ್ಕದಲ್ಲಿ ಕುಳಿತರೆ, ಫಾಂಟ್ ಇದೆ, ಟಿವಿಯ ಆ್ಯಪಿಗೆ ಕನ್ನಡ ಜೋಡಿಸಲು ಬಾರದು. ಇಂಗ್ಲಿಷ್ ಅಕ್ಷರಗಳ ಮೇಲೆ ಚುಕ್ಕಿ ಕೊಂಬು ಮೂಡಿದ ಗೋಜಲು ಬಂದರೆ ಆ ಕಡತವನ್ನು ಹಳೇ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಯುಟಿಎಫ್-8 ಆಗಿ ಉಳಿಸಿ.

ಮೊದಲೆರಡಕ್ಕೂ ಒಂದೇ ಪರಿಹಾರ: ಸರ್ವರ್ ಆ್ಯಪಿಗೆ ಬಿಡದೆ ತಾನೇ ಅಕ್ಷರಗಳನ್ನು ಚಿತ್ರದ ಮೇಲೆ ಅಚ್ಚೊತ್ತಿ ಕಳಿಸುವುದು. ಆ್ಯಪಿನ ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ‘ಬರ್ನ್’ ಆಯ್ಕೆ ‘ಎಲ್ಲ’ ಎಂದಿರಲಿ. ಇದಕ್ಕೆ ವಿಎಂ ಒಳಗೆ ಕನ್ನಡ ಫಾಂಟ್ ಇರಬೇಕು. ಪರದೆಯಿಲ್ಲದ ಸರ್ವರಾಗಿ ಹಾಕಿದ ಡೆಬಿಯನ್‌ನಲ್ಲಿ ಒಂದೂ ಇರುವುದಿಲ್ಲ. ನೋಟೊ ಫಾಂಟ್‌ಗಳ ಪ್ಯಾಕೇಜ್ ಹಾಕಿ. ಡೆಬಿಯನ್‌ನ ಕನ್ನಡ ಪ್ಯಾಕೇಜಿನಲ್ಲಿ ಗುಬ್ಬಿ, ನವಿಲು ಎಂಬ ಫಾಂಟ್‌ಗಳೂ ಇವೆ. ಅಚ್ಚೊತ್ತಿದರೆ ಟ್ರಾನ್ಸ್‌ಕೋಡ್ ಆಗಲೇಬೇಕು, ಅದು ಲೆಕ್ಕದಲ್ಲಿರಲಿ.

ಪ್ರಶ್ನೆ: ಹೋಂಸ್ಟೇ ಇದೆ. ಇದೇ ಸರ್ವರಿನಿಂದ ಅತಿಥಿಗಳ ರೂಮುಗಳಿಗೂ ಸಿನಿಮಾ ಕೊಡಬಹುದೇ? – ಕಕ್ಕಬ್ಬೆ ಬಳಿಯ ಓದುಗರು

ಉತ್ತರ: ಬೇಡ. ನೀವು ಕೊಂಡ ಡಿವಿಡಿಯೇ ಆದರೂ ಅದು ಮನೆಯವರು ನೋಡಲು. 1957ರ ಕೃತಿಸ್ವಾಮ್ಯ ಕಾಯಿದೆಯ 2(ಎಫ್‌ಎಫ್) ಕಲಮಿನ ವಿವರಣೆ ಹೋಟೆಲ್, ಹಾಸ್ಟೆಲ್‌ಗಳ ವಾಸದ ಕೋಣೆಗಳಿಗೆ ಏಕಕಾಲದಲ್ಲಿ ಪ್ರಸಾರ ಮಾಡುವುದನ್ನೂ ಸಾರ್ವಜನಿಕ ಪ್ರಸಾರವೆಂದೇ ಎಣಿಸುತ್ತದೆ. ತೋಟದ, ಕಾಫಿ ಕೊಯ್ಲಿನ ನಿಮ್ಮದೇ ವಿಡಿಯೊಗಳನ್ನು ತೋರಿಸಲು ಅಡ್ಡಿಯಿಲ್ಲ. ಅದಕ್ಕೂ ಅತಿಥಿಗಳ ವೈಫೈ ಬೇರೆ, ಸರ್ವರ್ ಇರುವ ಮನೆಯ ನೆಟ್‌ವರ್ಕ್ ಬೇರೆ ಇರಲಿ.

ಪ್ರಶ್ನೆ: ಪ್ರತಿ ವಾರ ವಿಎಂನ ಸ್ನ್ಯಾಪ್‌ಶಾಟ್ ತೆಗೆಯುತ್ತೇನೆ. ಬ್ಯಾಕಪ್ ಬೇರೆ ಬೇಕೇ? – ಸೋಮವಾರಪೇಟೆಯ ಓದುಗರು

ಉತ್ತರ: ಬೇಕು. ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ವಿಎಂ ಸ್ಥಿತಿಯ ದಾಖಲೆ, ಇರುವುದು ಅದೇ ಎಸ್‌ಎಸ್‌ಡಿಯಲ್ಲಿ. ಎಸ್‌ಎಸ್‌ಡಿ ಸತ್ತರೆ ಅದೂ ಸಾಯುತ್ತದೆ. ಅಪ್‌ಡೇಟ್ ಮಾಡುವ ಮುಂಚೆ ಒಂದು ತೆಗೆದು, ಎರಡು ದಿನ ನೋಡಿ ಅಳಿಸಿ. ವಾರಕ್ಕೊಂದು ಕೂಡಿಟ್ಟರೆ ವಿಎಂ ಡಿಸ್ಕುಗಳಿರುವ ಥಿನ್ ಪೂಲ್ ಎಂಬ ಜಾಗ ತುಂಬುತ್ತ ಹೋಗಿ, ಶೇ. 100 ಮುಟ್ಟಿದ ದಿನ ಅದರ ಮೇಲಿರುವ ವಿಎಂಗಳೆಲ್ಲ ಬರೆಯಲಾಗದೆ ಸ್ತಬ್ಧವಾಗುತ್ತವೆ.

ಪ್ರಾಕ್ಸ್‌ಮಾಕ್ಸ್‌ನ ಬ್ಯಾಕಪ್ಪನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಇಡಿ, ನಾಲ್ಕು ಉಳಿಸಿಕೊಂಡರೆ ಸಾಕು. ಸಿನಿಮಾ ಡಿಸ್ಕನ್ನು ಸ್ಕಸಿ ಡಿಸ್ಕಾಗಿ ಕೊಟ್ಟಿದ್ದರೆ ಅದರ ‘ಬ್ಯಾಕಪ್’ ಗುರುತು ತೆಗೆಯಿರಿ. ಇಲ್ಲದಿದ್ದರೆ ವಿಎಂ ಜೊತೆ 4 ಟಿಬಿಯನ್ನೂ ನಕಲು ಮಾಡಲು ಹೊರಟು ಜಾಗ ಸಾಲದೆ ವಿಫಲವಾಗುತ್ತದೆ. ಸಿನಿಮಾವನ್ನು ಡಿವಿಡಿಯಿಂದ ಮತ್ತೆ ತೆಗೆಯಬಹುದು. ಮನೆಯ ವಿಡಿಯೊ, ಫೋಟೊಗಳ ಇನ್ನೊಂದು ನಕಲು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಊರಿನ ನೆಂಟರ ಮನೆಯಲ್ಲಿರಲಿ.

ವರ್ಷಕ್ಕೊಮ್ಮೆಯಾದರೂ ಆ ಬ್ಯಾಕಪ್‌ನಿಂದ ವಿಎಂ ಎದ್ದು ನಿಲ್ಲುತ್ತದೆಯೇ ನೋಡಿ. 901 ಎಂಬಂಥ ಹೊಸ ಸಂಖ್ಯೆಗೆ ರಿಸ್ಟೋರ್ ಮಾಡಿ, ‘ಯೂನಿಕ್’ ಗುರುತು ಹಾಕಿ. ಆನ್ ಮಾಡುವ ಮುಂಚೆ ಅದರ ಹಾರ್ಡ್‌ವೇರ್ ಪುಟದಿಂದ ಪಿಸಿಐ ಗ್ರಾಫಿಕ್ಸನ್ನೂ ಸಿನಿಮಾ ಡಿಸ್ಕನ್ನೂ ತೆಗೆಯಿರಿ. ತೆಗೆಯದಿದ್ದರೆ ಓಡುತ್ತಿರುವ ಅಸಲಿ ವಿಎಂ ಹಿಡಿದ ಗ್ರಾಫಿಕ್ಸನ್ನೇ ನಕಲೂ ಕೇಳಿ ಏಳದೆ ನಿಲ್ಲುತ್ತದೆ, ಬ್ಯಾಕಪ್ಪೇ ಕೆಟ್ಟಿದೆ ಎಂದು ನೀವು ಸುಮ್ಮನೆ ಗಾಬರಿಯಾಗುತ್ತೀರಿ.